ಸಾಹಸಕ್ರೀಡೆಗಳಲ್ಲಿ ಪಾತ್ರನಿರ್ಮಾಣವೂ ಸಂಗಡಿಗರ ನೀತಿಯೂ

ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯು ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹಳೆಯ ಹೆದ್ದಾರಿಯ ಮೇಲಿರುವ ಊರು. ೧೯೯೯ರಿಂದ ೨೦೦೪ರವರೆಗೆ ಕರ್ನಾಟಕದ ಮುಖ್ಯಮಂತ್ರಿಗಳಾಗಿದ್ದ ಎಸ್. ಎಂ. ಕೃಷ್ಣ ಅವರ ಹೆಸರಿನ ಮೊದಲ ಅಕ್ಷರವು ಈ ಊರಿನದು. ನಾಡಿನ ಜನರು ಬಹುಮಟ್ಟಿಗೆ ಇದನ್ನು ಅರಿತಿರುವುದು ಆ ಮೂಲಕವೇ. ಅಲ್ಲಿಂದ ಬೆಂಗಳೂರಿನ ದಿಕ್ಕಿಗೆ ಕೆಲವೇ ಮೈಲಿ ಹೋದರೆ ನಿಡಘಟ್ಟವು ಸಿಕ್ಕುತ್ತದೆ. ಈಚೆಗೆ, ೨೦೨೩ರಲ್ಲಿ ಉದ್ಘಾಟನೆಯಾದ ಹೊಸ ಹೆದ್ದಾರಿಯನ್ನು ಬೆಂಗಳೂರಿನಿಂದ ನಿಡಘಟ್ಟಕ್ಕೆ ಒಂದು ಭಾಗ, ನಿಡಘಟ್ಟದಿಂದ ಮೈಸೂರಿಗೆ ಒಂದು ಭಾಗ ಎಂದು ವಿಂಗಡಿಸಿ ಕಟ್ಟಿದುದರಿಂದ ಆ ಹೆಸರು ವೃತ್ತಪತ್ರಿಕೆಗಳಲ್ಲಿಯೂ ಬಳಕೆಗೆ ಬಂದಿತು. ಆದರೆ ಮಂಟೇಸ್ವಾಮಿಯ ಕಾವ್ಯವನ್ನು ಹಾಡುವ ನೀಲಗಾರರಿಗೆ ನಿಡಘಟ್ಟವು ರಸ್ತೆಯ ಅಳತೆಗೆ ನೆಟ್ಟ ಕಲ್ಲಲ್ಲ. ಸಿದ್ದಪ್ಪಾಜಿಯಾಗಿ ಪೂಜೆಗೊಳ್ಳುವ ಕೆಂಪಾಚಾರಿಯು ಹುಟ್ಟಿದ ಊರು. ಅವನು ಕಬ್ಬಿಣವನ್ನು ಬೇಡಲು ಹೋದ ಹಲಗೂರೂ, ಅವನ ಗುರುವು ನೆಲೆಗೊಂಡ ಬೊಪ್ಪೇಗೌಡನಪುರವೂ ನೆರೆಯ ಮಳವಳ್ಳಿ ತಾಲ್ಲೂಕಿನಲ್ಲಿಯೇ ಇವೆ. ಒಬ್ಬ ಸಂಗಡಿಗನನ್ನು ಆರಿಸಿಕೊಂಡು, ಪರೀಕ್ಷಿಸಿ, ಅವನನ್ನು ಕಟ್ಟಿ ನಿಲ್ಲಿಸಿದ ಕಥೆಯೊಂದರ ಇಡೀ ಭೂಪಟವು ಹೀಗೆ ಒಂದು ದಿನದ ಪ್ರಯಾಣದೊಳಗೆ ಅಡಗಿದೆ.

ಈ ಕಥೆಯನ್ನು ಇಲ್ಲಿ ಎತ್ತಿಕೊಂಡುದಕ್ಕೆ ಕಾರಣವು ವಾಚಕರಿಗೆ ಮೊದಲು ವಿಚಿತ್ರವಾಗಿ ತೋರಬಹುದು. ಇಂದಿನ ತರುಣರು ಗಣಕಯಂತ್ರದ ಪರದೆಯ ಮುಂದೆ ಕುಳಿತು ಆಡುವ ಒಂದು ಬಗೆಯ ಸಾಹಸಕ್ರೀಡೆಯುಂಟು. ಅದರಲ್ಲಿ ಆಟಗಾರನು ಒಬ್ಬ ವೀರನನ್ನು ತಾನೇ ನಿರ್ಮಿಸಿ, ಅವನಿಗೆ ಸಂಗಡಿಗರನ್ನು ಕೂಡಿಸಿ, ಮಾಟಗಾರರೂ ಘಟಸರ್ಪಗಳೂ ತುಂಬಿದ ಕಲ್ಪಿತ ದೇಶದಲ್ಲಿ ಸಂಚರಿಸುತ್ತಾನೆ. ಇದನ್ನಾಡುವವರು ‘ಪಾತ್ರವನ್ನು ಕಟ್ಟುವುದು’ ಎಂದು ಹೇಳುವುದುಂಟು. ಕಾವ್ಯಮೀಮಾಂಸೆಯನ್ನು ಬೋಧಿಸುವ ನಾವೂ ಅದೇ ಮಾತನ್ನಾಡುತ್ತೇವೆ. ಎರಡೂ ಒಂದೆಯೇ? ಪಾತ್ರವೆಂಬುದು ಅಂಕಗಳ ಕೂಡಿಕೆ, ಸಂಗಡಿಗನೆಂಬವನು ಕೈಯಲ್ಲಿರುವ ಆಯುಧ ಎಂಬುದನ್ನೇ ಆ ಆಟಗಳು ಕಲಿಸುವುದಾದರೆ, ಪಂಪನ ಕರ್ಣನನ್ನು ಪಾಠ ಹೇಳುವ ಉಪಾಧ್ಯಾಯನಿಗೆ ಅವುಗಳಿಂದ ಆತಂಕವುಂಟು. ಹಾಗಲ್ಲವಾದರೆ ಆತನು ಅವುಗಳಿಂದ ಕಲಿಯತಕ್ಕುದೂ ಉಂಟು. ಆಟದ ಕಟ್ಟಳೆಗಳನ್ನು ತಿಳಿಯದೆ ಇದನ್ನು ತೀರ್ಮಾನಿಸಲಾಗದಾದ ಕಾರಣ ಮೊದಲು ಅವುಗಳನ್ನೇ ವಿವರಿಸುವೆನು.

ಇಂಥ ಆಟಗಳ ಮೂಲವು ೧೯೭೪ರಲ್ಲಿ ಅಮೆರಿಕಾ ದೇಶದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ಪ್ರಕಟಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. ಅದಕ್ಕೆ ಯಂತ್ರದ ಹಂಗಿರಲಿಲ್ಲ. ಮೇಜಿನ ಸುತ್ತ ಕುಳಿತ ಕೆಲವು ಜನ, ಕಾಗದ, ಸೀಸದ ಕಡ್ಡಿ, ದಾಳಗಳು, ಇಷ್ಟೇ ಅದರ ಸಲಕರಣೆ. ಒಬ್ಬನು ಕಥೆಯನ್ನು ನಡಸುವನು. ಉಳಿದವರು ತಮ್ಮ ತಮ್ಮ ವೀರರು ಏನು ಮಾಡುವರೆಂದು ಹೇಳುವರು. ಸಂದೇಹ ಬಂದಲ್ಲಿ ದಾಳವು ತೀರ್ಪು ಕೊಡುವುದು. ಸೈನ್ಯಗಳನ್ನು ಬೊಂಬೆಗಳಾಗಿ ಮಾಡಿ ಯುದ್ಧವನ್ನಾಡುತ್ತಿದ್ದ ಹಳೆಯ ಕ್ರೀಡೆಗಳಿಂದ ಇದು ಹುಟ್ಟಿತು. ಅಲ್ಲಿ ಒಂದು ಬೊಂಬೆಯು ಒಂದು ದಂಡಿಗೆ ಪ್ರತಿನಿಧಿ; ಇಲ್ಲಿ ಒಂದು ಬೊಂಬೆಯು ಒಬ್ಬ ಮನುಷ್ಯ. ದೊಡ್ಡ ಮಾರ್ಪಾಡು ಇದೇ. ನಮ್ಮ ಪಗಡೆಯಲ್ಲಿಯೂ ಚೌಕಾಬಾರದಲ್ಲಿಯೂ ಎರಡು ಕಾಯಿಗಳು ಒಂದೇ ಮನೆಯಲ್ಲಿ ಜೊತೆಗೂಡಿ ಒಂಟಿ ಕಾಯಿಗಿಲ್ಲದ ಬಲವನ್ನು ಪಡೆಯುವುದುಂಟು. ಅಷ್ಟರಮಟ್ಟಿಗೆ ಸಂಗಡಿಗರ ನೀತಿಯು ನಮಗೆ ಹೊಸದಲ್ಲ. ಆದರೆ ಪಗಡೆಯ ಕಾಯಿಗೆ ಹೆಸರಿಲ್ಲ, ಹಿಂದಣ ಕಥೆಯಿಲ್ಲ, ಒಲ್ಲೆನೆಂಬ ಬಾಯಿಯಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು ಆಟಗಳ ವಿಷಯದಲ್ಲಿ ತೋರಿದ ಆಸಕ್ತಿಯೂ, ಅವರ ‘ಶ್ರೀತತ್ತ್ವನಿಧಿ’ಯ ಕೊನೆಯ ನಿಧಿಯನ್ನು ಕ್ರೀಡೆಗಳಿಗೆ ಮೀಸಲಾಗಿಟ್ಟುದೂ ವಿದ್ವಾಂಸರಿಗೆ ತಿಳಿದುದೇ. ಅಲ್ಲಿಯೂ ಕಾಯಿಯು ಕಾಯಿಯೇ.

‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ನಲ್ಲಿ ವೀರನಿಗೆ ಆರು ಗುಣಗಳು: ಬಲ, ಬುದ್ಧಿ, ವಿವೇಕ, ದೇಹದಾರ್ಢ್ಯ, ಚುರುಕು, ವರ್ಚಸ್ಸು. ಮೂಲದ ಕಟ್ಟಳೆಯಂತೆ ಒಂದೊಂದು ಗುಣಕ್ಕೂ ಆರು ಮುಖಗಳ ಮೂರು ದಾಳಗಳನ್ನು ಎಸೆದು ಬಂದ ಮೊತ್ತವನ್ನು ಬರೆದುಕೊಳ್ಳಬೇಕು. ಮೂರು ದಾಳಗಳು ಬೀಳುವ ಬಗೆಗಳು ಒಟ್ಟು ೨೧೬. ಅವುಗಳಲ್ಲಿ ಹದಿನೆಂಟು ಬರುವುದು ಒಂದೇ ಬಗೆಯಲ್ಲಿ. ಹತ್ತು ಬರುವುದು ೨೭ ಬಗೆಗಳಲ್ಲಿ, ಹನ್ನೊಂದು ಬರುವುದೂ ೨೭ ಬಗೆಗಳಲ್ಲಿ. ಆದುದರಿಂದ ವಿಧಿಯು ಬಹುಮಂದಿಯನ್ನು ಸಾಮಾನ್ಯರನ್ನಾಗಿಯೇ ಹುಟ್ಟಿಸುತ್ತಿತ್ತು. ಭೀಮನು ಬೇಕೆಂದು ಹಂಬಲಿಸಿದವನಿಗೆ ಉತ್ತರಕುಮಾರನು ದೊರೆಯುವುದು ಅಪರೂಪವಾಗಿರಲಿಲ್ಲ. ಕಾಲಕ್ರಮದಲ್ಲಿ ಇದು ಆಟಗಾರರಿಗೆ ಸಹಿಸದೆ ಹೋಯಿತು. ೨೦೧೪ರ ಐದನೆಯ ಆವೃತ್ತಿಯು ದಾಳದೊಡನೆ ಇನ್ನೊಂದು ದಾರಿಯನ್ನೂ ತೆರೆದಿಟ್ಟಿತು. ಎಲ್ಲ ಗುಣಗಳೂ ಎಂಟರಿಂದ ತೊಡಗುತ್ತವೆ. ಆಟಗಾರನ ಕೈಯಲ್ಲಿ ೨೭ ಅಂಕಗಳ ಗಂಟು. ಗುಣವು ಮೇಲೇರಿದಂತೆ ಬೆಲೆಯೂ ಏರುತ್ತದೆ. ಒಂದು ಗುಣವನ್ನು ಹದಿನೈದಕ್ಕೆ ಮುಟ್ಟಿಸಲು ಒಂಬತ್ತು ಅಂಕಗಳು ಬೇಕು. ಮೂರು ಗುಣಗಳನ್ನು ಹಾಗೆ ಬೆಳಸಿದರೆ ಗಂಟು ಬರಿದಾಗಿ ಉಳಿದ ಮೂರು ಎಂಟರಲ್ಲಿಯೇ ನಿಲ್ಲುತ್ತವೆ.

ಈ ಕಟ್ಟಳೆಯಲ್ಲಿ ಲೆಕ್ಕಕ್ಕಿಂತ ಹೆಚ್ಚಿನ ಒಂದು ಅರ್ಥವಿದೆ. ಗಂಟು ಅಳತೆಯದಾದುದರಿಂದ ಒಂದು ಗುಣವನ್ನು ಆರಿಸುವುದೆಂದರೆ ಇನ್ನೊಂದನ್ನು ಬಿಡುವುದು. ಏನನ್ನು ಪಡೆದನೆಂಬುದಕ್ಕಿಂತ ಏನನ್ನು ಕಳೆದುಕೊಳ್ಳಲು ಒಪ್ಪಿದನೆಂಬುದರಿಂದಲೇ ವೀರನ ಮುಖವು ಹೊರಪಡುತ್ತದೆ. ಎಲ್ಲವೂ ಇರುವ ವೀರನಿಗೆ ಸಂಗಡಿಗನು ಬೇಕಾಗುವುದೂ ಇಲ್ಲ. ಕೊರತೆಯೇ ಸಂಗಡಿಗನನ್ನು ಕರೆತರುತ್ತದೆ. ವಿರಾಟನ ನಗರವನ್ನು ಹೊಕ್ಕ ಪಾಂಡವರು ಐವರೂ ಐದು ಕೆಲಸಗಳನ್ನು ಹಂಚಿಕೊಂಡುದನ್ನು ನೆನೆಯಬಹುದು. ಒಬ್ಬನು ದ್ಯೂತವನ್ನು ಬಲ್ಲ ಸಭಾಸದ, ಒಬ್ಬನು ಅಡುಗೆಯವ, ಒಬ್ಬನು ನಾಟ್ಯಾಚಾರ್ಯ, ಒಬ್ಬನಿಗೆ ಕುದುರೆ, ಒಬ್ಬನಿಗೆ ಹಸು. ಒಬ್ಬನ ಕೆಲಸವು ಇನ್ನೊಬ್ಬನಿಗೆ ಬಾರದು. ಸಾಹಸಕ್ರೀಡೆಯಲ್ಲಿ ತಂಡವನ್ನು ಕೂಡಿಸುವ ನೀತಿಯೂ ಇದೇ. ಮುಂದೆ ನಿಂತು ಹೊಡೆತವನ್ನು ತಾಳುವವನು, ಹಿಂದೆ ನಿಂತು ಮಂತ್ರವನ್ನು ಪ್ರಯೋಗಿಸುವವನು, ಗಾಯವನ್ನು ಮಾಯಿಸುವವನು, ಬೀಗವನ್ನು ತೆರೆಯಬಲ್ಲವನು, ಹೀಗೆ ಒಬ್ಬೊಬ್ಬನೂ ಒಂದೊಂದು ಕೊರತೆಗೆ ಉತ್ತರ.

ಆರನೆಯ ಗುಣವಾದ ವರ್ಚಸ್ಸಿನ ವಿಷಯದಲ್ಲಿ ಒಂದು ಮಾತನ್ನು ವಿಶೇಷವಾಗಿ ಹೇಳಬೇಕಾಗಿದೆ. ೧೯೭೪ರ ಪುಸ್ತಕದಲ್ಲಿ ಆ ಗುಣದ ಮುಖ್ಯ ಪ್ರಯೋಜನವು ಸಂಗಡಿಗರನ್ನು ಪಡೆಯುವುದು. ವರ್ಚಸ್ಸು ಮೂರೋ ನಾಲ್ಕೋ ಇದ್ದವನಿಗೆ ಒಬ್ಬನೇ ಅನುಚರ. ಹದಿನೆಂಟು ಇದ್ದವನಿಗೆ ಹನ್ನೆರಡು ಮಂದಿಯವರೆಗೆ. ಅವರ ನಿಷ್ಠೆಯೂ ಅದೇ ಅಂಕದಿಂದ ಏರುತ್ತಲೋ ಇಳಿಯುತ್ತಲೋ ಇತ್ತು. ಅಂದರೆ ಸಂಗಡಿಗನ ಮನಸ್ಸು ಸಂಗಡಿಗನಲ್ಲಿಲ್ಲ, ನಾಯಕನ ಅಂಕಪಟ್ಟಿಯಲ್ಲಿದೆ. ಆತನು ಓಡಿಹೋದರೂ ನಾಯಕನ ವರ್ಚಸ್ಸು ಸಾಲದೆ ಓಡಿಹೋಗುತ್ತಾನೆಯೇ ಹೊರತು ತನ್ನದೇ ಒಂದು ಕಾರಣದಿಂದಲ್ಲ. ಕೂಲಿಗೆ ಬಂದ ಭಟನಿಗೆ ಇದು ಸಾಕು. ಪಾತ್ರಕ್ಕೆ ಸಾಲದು.

ನಮ್ಮ ಲಾಕ್ಷಣಿಕರು ಈ ಅಂತರವನ್ನು ಚೆನ್ನಾಗಿ ಬಲ್ಲವರಾಗಿದ್ದರು. ಧನಂಜಯನ ‘ದಶರೂಪಕ’ದಲ್ಲಿ ನಾಯಕನ ಸಹಾಯಕರಲ್ಲಿ ಮೊದಲಿಗನು ಪೀಠಮರ್ದ. ಅವನು ನಾಯಕನಲ್ಲಿ ಭಕ್ತಿಯುಳ್ಳವನು, ಗುಣದಲ್ಲಿ ಅವನಿಗಿಂತ ಸ್ವಲ್ಪ ಕಡಮೆಯವನು. ಆದರೆ ‘ಪತಾಕೆ’ ಎಂಬ ಉಪಕಥೆಗೆ ಅವನೇ ನಾಯಕ. ಇದರಲ್ಲಿ ‘ಸ್ವಲ್ಪ ಕಡಮೆ’ ಎಂಬುದನ್ನು ಎಲ್ಲರೂ ನೆನಪಿಟ್ಟುಕೊಳ್ಳುತ್ತಾರೆ. ಅವನಿಗೊಂದು ಸ್ವಂತ ಕಥೆಯುಂಟೆಂಬುದನ್ನು ಮರೆಯುತ್ತಾರೆ. ಸುಗ್ರೀವನು ರಾಮನ ಕಾರ್ಯಕ್ಕೆ ನೆರವಾಗುವುದು ದಿಟ. ಆದರೆ ಅವನಿಗೆ ಕಳೆದುಹೋದ ರಾಜ್ಯವುಂಟು, ಅಣ್ಣನ ಭಯವುಂಟು. ಬಯಸಿದುದು ಕೈಗೂಡಿದ ಮೇಲೆ ಮಳೆಗಾಲದ ಸುಖದಲ್ಲಿ ಅವನು ಕೊಟ್ಟ ಮಾತನ್ನು ಮರೆತನು. ಲಕ್ಷ್ಮಣನು ಸಿಟ್ಟಾಗಿ ಬಾಗಿಲಿಗೆ ಹೋಗಬೇಕಾಯಿತು. ಈ ಮರೆವು ಇಲ್ಲದಿದ್ದರೆ ಸುಗ್ರೀವನು ವಾನರಸೇನೆಗೆ ಒಂದು ಹೆಸರು ಮಾತ್ರವಾಗಿ ಉಳಿಯುತ್ತಿದ್ದನು.

ಗಣಕಯಂತ್ರದ ಆಟಗಳು ಪತಾಕೆಯ ಈ ತತ್ತ್ವವನ್ನು ತಮ್ಮದೇ ದಾರಿಯಲ್ಲಿ ಬಂದು ಕಂಡುಕೊಂಡವು. ೧೯೯೮ರಲ್ಲಿ ಕೆನಡಾ ದೇಶದ ಬಯೋವೇರ್ ಸಂಸ್ಥೆಯು ಹೊರತಂದ ‘ಬಾಲ್ಡರ್ಸ್ ಗೇಟ್’ನಲ್ಲಿ ತಂಡಕ್ಕೆ ಆರು ಜನ. ಅವರಲ್ಲಿ ಸಜ್ಜನರೂ ಇದ್ದಾರೆ, ದುಷ್ಟರೂ ಇದ್ದಾರೆ. ನಾಯಕನ ಕೀರ್ತಿಯು ಬಹಳ ಏರಿದರೆ ದುಷ್ಟರು ಗೊಣಗಿ ಹೊರಟುಹೋಗುತ್ತಾರೆ. ಬಹಳ ಇಳಿದರೆ ಸಜ್ಜನರು ಹೊರಡುತ್ತಾರೆ. ಪರಸ್ಪರ ಸಹಿಸದವರು ದಾರಿಯಲ್ಲಿ ಕತ್ತಿ ಹಿರಿಯುವುದೂ ಉಂಟು. ೨೦೦೦ದಲ್ಲಿ ಬಂದ ಅದರ ಎರಡನೆಯ ಭಾಗದಲ್ಲಿ ಅನೇಕ ಸಂಗಡಿಗರಿಗೆ ಸ್ವಂತ ಉಪಕಥೆಗಳನ್ನೇ ಕಟ್ಟಿಕೊಟ್ಟರು. ಧನಂಜಯನು ಕಂಡಿದ್ದರೆ ಪತಾಕೆಯೆಂದು ಗುರುತಿಸದೆ ಇರುತ್ತಿರಲಿಲ್ಲ.

ಸಂಗಡಿಗರ ಯುದ್ಧನೀತಿಯನ್ನು ಬಹು ಸ್ಪಷ್ಟವಾದ ರೂಪದಲ್ಲಿ ಕಾಣಬೇಕಾದರೆ ಅದೇ ಸಂಸ್ಥೆಯ, ೨೦೦೯ರ ‘ಡ್ರ್ಯಾಗನ್ ಏಜ್: ಒರಿಜಿನ್ಸ್’ ಎಂಬುದನ್ನು ನೋಡಬೇಕು. ಅಲ್ಲಿ ನಾಯಕನೊಡನೆ ಒಮ್ಮೆಗೆ ಮೂವರು ಸಂಗಡಿಗರು. ನಾಲ್ವರನ್ನೂ ಒಬ್ಬನೇ ಆಟಗಾರನು ಕ್ಷಣಕ್ಷಣವೂ ನಡಸುವುದು ಕಷ್ಟವಾದುದರಿಂದ ಒಬ್ಬೊಬ್ಬ ಸಂಗಡಿಗನಿಗೂ ಒಂದು ಆಜ್ಞಾಪಟ್ಟಿಯನ್ನು ಬರೆದಿಡುವ ಅವಕಾಶವಿದೆ. ಪಟ್ಟಿಯ ಒಂದೊಂದು ಸಾಲಿಗೂ ಎರಡು ಅಂಗಗಳು: ಇಂಥದಾದರೆ, ಇಂಥದನ್ನು ಮಾಡು. ತಂಡದವರಲ್ಲಿ ಯಾರ ಪ್ರಾಣಾಂಕವಾದರೂ ಅರ್ಧಕ್ಕಿಂತ ಇಳಿದರೆ ಮಾಯಿಸುವ ಮಂತ್ರವನ್ನು ಹೇಳು. ವೈರಿಯು ಮಂತ್ರವಾದಿಯಾಗಿದ್ದರೆ ಮೊದಲು ಅವನನ್ನು ತಡೆ. ನಿನ್ನ ಮೇಲೆ ಬಿದ್ದವರು ಹೆಚ್ಚಾದರೆ ಹಿಂದಕ್ಕೆ ಸರಿ. ಯಂತ್ರವು ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಓದುತ್ತದೆ. ಯಾವ ಸಾಲಿನ ‘ಆದರೆ’ಯು ಮೊದಲು ನಿಜವಾಗುವುದೋ ಅದನ್ನೇ ನಡಸಿ, ಕೆಳಗಣ ಸಾಲುಗಳನ್ನು ಆ ಕ್ಷಣಕ್ಕೆ ನೋಡದೆ ಬಿಡುತ್ತದೆ.

ಇಲ್ಲಿಯೇ ಹೊಸಬರು ಎಡವುವುದು. ಹತ್ತಿರದ ವೈರಿಯನ್ನು ಹೊಡೆ ಎಂಬ ಸಾಲನ್ನು ಎಲ್ಲಕ್ಕೂ ಮೇಲೆ ಬರೆದನೆನ್ನಿ. ಯುದ್ಧವಿರುವಷ್ಟು ಹೊತ್ತೂ ಯಾವನೋ ಒಬ್ಬ ವೈರಿಯು ಹತ್ತಿರದವನಾಗಿಯೇ ಇರುತ್ತಾನೆ. ಆ ಸಾಲು ಎಂದೂ ಸುಳ್ಳಾಗುವುದಿಲ್ಲ. ಆಗ ಮಾಯಿಸುವವಳು ಕೈಯಲ್ಲಿ ಮಂತ್ರವಿದ್ದೂ ಕೋಲಿನಿಂದ ಬಡಿಯುತ್ತ ನಿಲ್ಲುವಳು. ಪಕ್ಕದಲ್ಲಿ ಸಂಗಡಿಗನು ಬೀಳುವನು. ಆದುದರಿಂದ ಅಪರೂಪದ ಸಂಕಟಗಳಿಗೆ ಸಂಬಂಧಿಸಿದ ಸಾಲುಗಳು ಮೇಲೆ, ನಿತ್ಯದ ಕೆಲಸವು ಎಲ್ಲಕ್ಕೂ ಕೆಳಗೆ. ಹಾಗೆಯೇ, ಕವಚಧಾರಿಯು ವೈರಿಗಳನ್ನು ಕೆಣಕಿ ತನ್ನತ್ತ ಸೆಳೆದುಕೊಂಡ ಮೇಲೆ ಉಳಿದವರು ಕೈಯೆತ್ತಬೇಕು. ಬಯಲಿಗಿಂತ ಬಾಗಿಲಿನ ಕಿರಿದಾದ ಎಡೆಯಲ್ಲಿ ನಿಂತು ಕಾದಬೇಕು. ಮುಂದಿನವನು ಹಿಂದಿನವರಿಂದ ಬೇರ್ಪಡಕೂಡದು. ಕಡೆಯ ನಿಯಮವನ್ನು ನಮ್ಮ ಮಕ್ಕಳೂ ಬಲ್ಲರು. ಅಭಿಮನ್ಯುವು ಚಕ್ರವ್ಯೂಹವನ್ನು ಒಡೆದು ಹೋಗುವುದು, ಪಾಂಡವರು ಅವನ ಬೆನ್ನಿಗೇ ನುಗ್ಗುವುದು ಎಂಬುದು ಯೋಜನೆ. ಯೋಜನೆಯಲ್ಲಿ ತಪ್ಪಿರಲಿಲ್ಲ, ಸೈಂಧವನು ಬಾಗಿಲಿನಲ್ಲಿ ನಿಂತುದು ಲೆಕ್ಕಕ್ಕೆ ಬಂದಿರಲಿಲ್ಲ.

ಪಟ್ಟಿಯ ಈ ಕ್ರಮವನ್ನು ಕುರಿತು ಯೋಚಿಸುತ್ತಿರುವಾಗ ತರಗತಿಯಲ್ಲಿ ಉಪಯೋಗಕ್ಕೆ ಬರುವ ಒಂದು ವಿಚಾರವು ಹೊಳೆಯುತ್ತದೆ. ಕರ್ಣನಿಗೆ ಒಂದು ಆಜ್ಞಾಪಟ್ಟಿಯನ್ನು ಬರೆಯಲು ತೊಡಗೋಣ. ಎದುರಿಗೆ ಅರ್ಜುನನಿದ್ದರೆ ಕಾದು. ದುರ್ಯೋಧನನಿಗೆ ಕೇಡು ಬಂದರೆ ಅಡ್ಡ ನಿಲ್ಲು. ನಿನ್ನ ಪ್ರಾಣಕ್ಕೆ ಅಪಾಯವಾದರೆ ಕವಚಕುಂಡಲಗಳನ್ನು ಕಾಪಾಡಿಕೊ. ಯಾಚಕನು ಬಂದರೆ ಬೇಡಿದುದನ್ನು ಕೊಡು. ನಾಲ್ಕು ಸಾಲುಗಳೂ ಸರಿಯಾಗಿಯೇ ಇವೆ. ಯಾವ ವೀರನ ಪಟ್ಟಿಯಲ್ಲಿಯೂ ಇವು ಇರಬಹುದು. ಆದರೆ ಇಂದ್ರನು ಬ್ರಾಹ್ಮಣವೇಷದಲ್ಲಿ ಬಂದು ಕವಚವನ್ನೇ ಬೇಡಿದಾಗ ಮೂರನೆಯ ಮತ್ತು ನಾಲ್ಕನೆಯ ಸಾಲುಗಳು ಒಟ್ಟಿಗೆ ನಿಜವಾಗುತ್ತವೆ. ಯಾವುದು ಮೇಲೆ? ಕರ್ಣನ ಪಟ್ಟಿಯಲ್ಲಿ ಕೊಡುವ ಸಾಲು ಕಾಯುವ ಸಾಲಿಗಿಂತ ಮೇಲಿದೆ. ಗುಣಗಳನ್ನು ಬರಿದೇ ಎಣಿಸಿ ‘ಉದಾರಿ, ಶೂರ, ಕೃತಜ್ಞ’ ಎಂದು ಬರೆಯುವ ವಿದ್ಯಾರ್ಥಿಗೆ ಕಾಣದುದು, ಅವುಗಳನ್ನು ಮೇಲು ಕೀಳಾಗಿ ಜೋಡಿಸಹೊರಟವನಿಗೆ ಕಾಣುತ್ತದೆ.

ಇಷ್ಟಾದರೂ ಪಟ್ಟಿಗೆ ಒಂದು ಎಲ್ಲೆಯುಂಟು. ಕೃಷ್ಣನೂ ಕುಂತಿಯೂ ಕರ್ಣನಿಗೆ ಅವನ ಜನ್ಮವನ್ನು ತಿಳಿಸಿದರು. ಪಕ್ಷವನ್ನು ಬದಲಾಯಿಸಲು ಅವನಿಗೆ ನ್ಯಾಯವಾದ ಕಾರಣ ದೊರೆಯಿತು, ರಾಜ್ಯವೂ ದೊರೆಯುವಂತಿತ್ತು. ಹೋಗಬಹುದಾಗಿದ್ದವನು ಹೋಗದೆ ಉಳಿದನು. ಅವನಿಗೆ ಹೋಗುವ ದಾರಿಯೇ ಇರದಿದ್ದರೆ ಉಳಿದುದಕ್ಕೆ ಏನು ಬೆಲೆ? ಬಿಟ್ಟುಹೋಗಲಾರದ ಸಂಗಡಿಗನ ನಿಷ್ಠೆಯು ಕುರ್ಚಿಯ ನಿಷ್ಠೆಯಂಥದು. ಸಂಗಡಿಗನು ಪಾತ್ರವಾಗುವುದು ಅವನಿಗೆ ಒಲ್ಲೆನೆನ್ನುವ ಶಕ್ತಿಯಿದ್ದಾಗ ಮಾತ್ರ ಎಂಬುದೇ ಈ ಲೇಖನದ ಮುಖ್ಯ ಅಭಿಪ್ರಾಯ.

‘ಡ್ರ್ಯಾಗನ್ ಏಜ್’ ಕಟ್ಟಿದವರಿಗೂ ಇದು ಹೊಳೆದಿತ್ತೆಂದು ತೋರುತ್ತದೆ. ಆಜ್ಞಾಪಟ್ಟಿಯ ಜೊತೆಗೆ ಅವರು ‘ಒಲವು’ ಎಂದು ಕರೆಯಬಹುದಾದ ಒಂದು ಅಳತೆಯನ್ನಿಟ್ಟರು. ಅದು ಮೈನಸ್ ನೂರರಿಂದ ಪ್ಲಸ್ ನೂರರವರೆಗೆ ಹರಿದಾಡುತ್ತದೆ. ನಾಯಕನ ಮಾತನ್ನೂ ನಡತೆಯನ್ನೂ ಕಂಡು ಸಂಗಡಿಗರು ಒಲಿಯುತ್ತಾರೆ, ಮುನಿಯುತ್ತಾರೆ. ಉಡುಗೊರೆಗಳನ್ನು ಕೊಟ್ಟು ಒಲವನ್ನು ಕೊಳ್ಳುವ ಸೌಕರ್ಯವೂ ಉಂಟು. ನನ್ನ ಮಟ್ಟಿಗೆ ಅದು ಆ ಆಟದ ದುರ್ಬಲವಾದ ಭಾಗ. ಸ್ನೇಹವನ್ನು ಸಂತೆಯ ಲೆಕ್ಕಕ್ಕೆ ಇಳಿಸಿದಂತಾಗುತ್ತದೆ. ಆದರೆ ಎರಡು ಕಡೆಗಳಲ್ಲಿ ಆ ಕೃತಿಯು ಲೆಕ್ಕವನ್ನು ಮೀರಿದೆ. ಪವಿತ್ರವೆಂದು ಜನರು ಭಾವಿಸಿದ ಒಂದು ಭಸ್ಮವನ್ನು ಕೆಡಿಸುವಂತೆ ನಾಯಕನಿಗೆ ಆಮಿಷವೊಡ್ಡುವ ಸಂದರ್ಭವೊಂದಿದೆ. ಅವನು ಹಾಗೆ ಮಾಡಿದರೆ, ಅದುವರೆಗೆ ಅವನ ಗಾಯಗಳನ್ನು ಮಾಯಿಸಿದ ವಿನ್ ಎಂಬ ವೃದ್ಧೆಯೇ ಅಲ್ಲಿದ್ದ ಪಕ್ಷದಲ್ಲಿ ಅವನ ಮೇಲೆ ಯುದ್ಧಕ್ಕೆ ನಿಲ್ಲುತ್ತಾಳೆ. ಇನ್ನೊಂದು, ಸಾಮಂತರ ಸಭೆಯ ಪ್ರಸಂಗ. ರಣರಂಗದಲ್ಲಿ ದೊರೆಯನ್ನು ಕೈಬಿಟ್ಟು ಅವನ ಸಾವಿಗೆ ಕಾರಣನಾದ ಲೋಗೇನ್ ಎಂಬ ಸೇನಾಪತಿಯು ಸೋತು ಮೊಣಕಾಲೂರಿದ್ದಾನೆ. ಅವನನ್ನು ಕ್ಷಮಿಸಿ ತಂಡಕ್ಕೆ ಸೇರಿಸಿಕೊಂಡರೆ ಅನುಭವಶಾಲಿಯಾದ ಒಬ್ಬ ಯೋಧನು ದೊರೆಯುತ್ತಾನೆ. ಆದರೆ ಮೊದಲಿನಿಂದ ಜೊತೆಗಿದ್ದ ಅಲಿಸ್ಟರನು ಅದನ್ನು ಸಹಿಸನು. ಅವನ ಪ್ರೀತಿಯ ಗುರುವೂ ಅದೇ ರಣದಲ್ಲಿ ಸತ್ತವನು. ಒಲವಿನ ಅಂಕವು ಎಷ್ಟೇ ಇರಲಿ, ಅವನು ತಂಡವನ್ನು ಬಿಟ್ಟು ಹೊರಟುಹೋಗುತ್ತಾನೆ. ನೂರು ಉಡುಗೊರೆಗಳನ್ನು ಕೊಟ್ಟಿದ್ದ ಆಟಗಾರನು ಆಗ ಬೆರಗಾಗುತ್ತಾನೆ. ಬೆರಗಾಗಬೇಕಾದುದೇ.

ಇದೇ ಬಗೆಯ ಆಯ್ಕೆಯು ಭಾರತದ ಅರಣ್ಯಪರ್ವದಲ್ಲಿ ಇನ್ನೂ ಗಂಭೀರವಾಗಿ ಬಂದಿದೆ. ಸರೋವರದ ದಡದಲ್ಲಿ ನಾಲ್ವರು ತಮ್ಮಂದಿರೂ ಸತ್ತು ಬಿದ್ದಿದ್ದಾರೆ. ಯಕ್ಷನು ಧರ್ಮರಾಯನಿಗೆ ಒಬ್ಬನನ್ನು ಬದುಕಿಸಿಕೊಳ್ಳೆಂದು ಹೇಳುತ್ತಾನೆ. ಮುಂದೆ ಯುದ್ಧವಿದೆ. ತಂಡವನ್ನು ಕಟ್ಟಬಲ್ಲ ಯಾವನೇ ಆದರೂ ಭೀಮನನ್ನೋ ಅರ್ಜುನನನ್ನೋ ಕೇಳುವನು. ಯಕ್ಷನೂ ಈ ಆಕ್ಷೇಪವನ್ನೇ ಎತ್ತುತ್ತಾನೆ. ಧರ್ಮರಾಯನು ಕೇಳಿದುದು ನಕುಲನನ್ನು. ಕುಂತಿಗೆ ತಾನೊಬ್ಬನು ಉಳಿದಿರುವಂತೆ ಮಾದ್ರಿಗೂ ಒಬ್ಬ ಮಗನು ಉಳಿಯಲಿ ಎಂಬುದು ಅವನ ಕಾರಣ. ಯುದ್ಧನೀತಿಯ ದೃಷ್ಟಿಯಿಂದ ಇದಕ್ಕಿಂತ ಕೆಟ್ಟ ಆಯ್ಕೆಯಿಲ್ಲ. ಸಂಗಡಿಗನು ತನಗೆ ಏನಾಗಬಲ್ಲನೆಂಬುದನ್ನು ಅವನು ಕೇಳಿಕೊಳ್ಳಲೇ ಇಲ್ಲ. ಅವನು ಇನ್ನೊಬ್ಬರಿಗೆ ಏನಾಗಿದ್ದಾನೆಂಬುದನ್ನು ನೋಡಿದನು. ಮಾದ್ರಿಯೋ ಸತ್ತು ಎಷ್ಟೋ ವರ್ಷಗಳಾಗಿದ್ದವು.

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ನಿಡಘಟ್ಟಕ್ಕೆ ಮರಳೋಣ. ಮಂಟೇಸ್ವಾಮಿಯ ಕಾವ್ಯವು ‘ಸಾಲು’ಗಳೆಂಬ ಭಾಗಗಳಾಗಿ ಹಾಡಲ್ಪಡುವ ಬಾಯ್ದೆರೆಯ ಮಹಾಕಾವ್ಯ. ತಂಬೂರಿಯನ್ನು ಹಿಡಿದ ಮುಖ್ಯ ಗಾಯಕನು ಕಥೆಯನ್ನು ನಡಸುವನು. ಹಿಮ್ಮೇಳದವರು ಅವನ ಸೊಲ್ಲನ್ನು ಎತ್ತಿಕೊಂಡು, ಅವನು ಉಸಿರೆಳೆದು ಮುಂದಿನ ಮಾತನ್ನು ಕೂಡಿಸಿಕೊಳ್ಳುವವರೆಗೆ ಕಥೆಯು ನಿಲ್ಲದಂತೆ ನೋಡಿಕೊಳ್ಳುವರು. ಇದಕ್ಕೆ ಲಿಖಿತವಾದ ಆಜ್ಞಾಪಟ್ಟಿಯಿಲ್ಲ. ರಾತ್ರಿ ರಾತ್ರಿಗಳ ಒಡನಾಟದಿಂದ ಬಂದ ಬಳಕೆಯುಂಟು. ಕನ್ನಡ ವಿಶ್ವವಿದ್ಯಾಲಯವು ಹಿ. ಚಿ. ಬೋರಲಿಂಗಯ್ಯನವರ ಸಂಪಾದಕತ್ವದಲ್ಲಿ ಈ ಕಾವ್ಯವನ್ನು ಗ್ರಂಥರೂಪಕ್ಕೆ ತಂದ ಮೇಲೆ ಇದು ವಿದ್ವಾಂಸರ ಕೈಗೂ ಎಟಕುವಂತಾಯಿತು. ಗಾಯಕರಿಂದ ಗಾಯಕರಿಗೆ ವಿವರಗಳು ಬೇರೆಯಾಗುವುದು ಸಹಜ. ಇಲ್ಲಿ ಹೇಳುವುದು ಕಥೆಯ ಸಾಮಾನ್ಯವಾದ ಹಂದರವನ್ನು ಮಾತ್ರ.

ಮಂಟೇಸ್ವಾಮಿಯು ಮೊದಲು ಕಲ್ಯಾಣಕ್ಕೆ ಹೋಗುತ್ತಾನೆ. ಅಲ್ಲಿ ಒಂದು ಲಕ್ಷ ತೊಂಬತ್ತಾರು ಸಾವಿರ ಜಂಗಮರಿದ್ದರೆಂಬುದು ಪ್ರತೀತಿ. ಹೇಸಿಗೆಯ ರೂಪವನ್ನು ತಾಳಿ ಬಂದ ಅವನನ್ನು ಬಾಗಿಲಿನವರೇ ಒಳಗೆ ಬಿಡರು. ಅಷ್ಟು ದೊಡ್ಡ ಗುಂಪು ಪರೀಕ್ಷೆಯಲ್ಲಿ ಕರಗಿಹೋಗುತ್ತದೆ. ನಿಜವಾದ ಶರಣರೆಂದು ನಿಲ್ಲುವವರು ಬೆರಳೆಣಿಕೆಯವರು. ಅಲ್ಲಿಂದ ದಕ್ಷಿಣಕ್ಕೆ ಬಂದ ಗುರುವಿಗೆ ಬೇಕಾದುದು ನಿಡಘಟ್ಟದ ಪಾಂಚಾಳರ ಮನೆಯ ಹುಡುಗ. ಅವನಾಗಲಿ ಅವನ ಮನೆಯವರಾಗಲಿ ಈ ಭಾಗ್ಯವನ್ನು ಬೇಡಿದವರಲ್ಲ. ಮನೆಯವರು ಮಗನನ್ನು ಕೊಡಲು ಒಪ್ಪುವುದಿಲ್ಲ. ಗುರುವು ಬಿಡುವುದಿಲ್ಲ. ಈ ಹಗ್ಗಜಗ್ಗಾಟವನ್ನು ಕಾವ್ಯವು ಮುಚ್ಚಿಡದೆ ಹಾಡುತ್ತದೆ. ಸಾಹಸಕ್ರೀಡೆಯಲ್ಲಿ ಸಂಗಡಿಗರು ಛತ್ರದಲ್ಲಿಯೋ ದಾರಿಯಲ್ಲಿಯೋ ಎದುರಾಗಿ ತಾವಾಗಿ ಜೊತೆಗೂಡುವುದೇ ವಾಡಿಕೆ. ಇಲ್ಲಿ ಒಂದು ಮನೆಯು ಒಡೆದ ಹೊರತು ಸಂಗಡಿಗನು ದೊರೆಯುವುದಿಲ್ಲ. ಕೆಂಪಾಚಾರಿಯು ಕುಲವನ್ನೂ ಕುಲುಮೆಯನ್ನೂ ಕೊನೆಗೆ ಹೆಸರನ್ನೂ ಬಿಟ್ಟು ಸಿದ್ದಪ್ಪಾಜಿಯಾಗುತ್ತಾನೆ. ಆಟದ ವೀರನು ಮೆಟ್ಟಿಲು ಮೆಟ್ಟಿಲಿಗೂ ಅಂಕಗಳನ್ನು ಕೂಡಿಸುತ್ತ ಏರುವನು; ಇವನು ಕಳೆಯುತ್ತ ಏರುವನು. ಇಬ್ಬರ ಏರಿಕೆಯೂ ಏರಿಕೆಯೇ, ಆದರೆ ಲೆಕ್ಕದ ಚಿಹ್ನೆ ಬೇರೆ.

ಹಲಗೂರಿನ ಸಾಲು ಇದರ ಶಿಖರ. ಗುರುವಿನ ಕಾರ್ಯಕ್ಕೆ ಕಬ್ಬಿಣವು ಬೇಕಾಗಿದೆ. ಅದನ್ನು ಹಲಗೂರಿನ ಪಾಂಚಾಳರಿಂದ ಭಿಕ್ಷೆಯಾಗಿ ತರಬೇಕು. ಹೋಗತಕ್ಕವನು ಸಿದ್ದಪ್ಪಾಜಿ, ಒಬ್ಬನೇ. ತಂಡದ ನೀತಿಯನ್ನು ಬಲ್ಲವರು ಈ ಆಜ್ಞೆಯನ್ನು ನೋಡಿದರೆ ತಲೆದೂಗಲಾರರು. ಕಮ್ಮಾರನ ಮಗನನ್ನು ಕಮ್ಮಾರರಲ್ಲಿಗೇ ಕಬ್ಬಿಣ ಬೇಡಲು ಕಳುಹಿಸುವುದೆಂದರೆ ಅವನ ದುರ್ಬಲವಾದ ಎಡೆಯನ್ನೇ ವೈರಿಯ ಕಡೆಗೆ ತಿರುಗಿಸಿದಂತೆ. ಕುಲವನ್ನು ಬಿಟ್ಟುಹೋದವನು ತಿರುಪೆಯ ವೇಷದಲ್ಲಿ ಬಾಗಿಲಿಗೆ ಬಂದರೆ ಕುಲದವರು ಅವನನ್ನು ಹೇಗೆ ಕಂಡಾರು? ಅವರು ಕಬ್ಬಿಣವನ್ನು ಕೊಡುವ ಬದಲು ಪರೀಕ್ಷೆಗಳನ್ನು ಒಡ್ಡುತ್ತಾರೆ. ವಿಷವನ್ನು ಕುಡಿಯುವುದೂ ಅವುಗಳಲ್ಲೊಂದು. ಎಲ್ಲವನ್ನೂ ಗೆದ್ದರೂ ಕೊಡಲು ಒಲ್ಲರು. ಕಡೆಗೆ ಅವನ ಕೋಪಕ್ಕೆ ತುತ್ತಾಗಿ ಊರು ಬಾಗುತ್ತದೆ, ಕಬ್ಬಿಣವು ಬರುತ್ತದೆ.

ಈ ಸಾಲಿನಲ್ಲಿ ಗುರುವು ಪಕ್ಕದಲ್ಲಿ ನಿಂತು ನಡಸುವುದಿಲ್ಲ ಎಂಬುದು ಗಮನಿಸತಕ್ಕದ್ದು. ಹಲಗೂರಿನಲ್ಲಿ ಸಿದ್ದಪ್ಪಾಜಿಗೆ ಎರಡು ದಾರಿಗಳು ತೆರೆದಿದ್ದವು. ತಾನು ನಿಮ್ಮವನೇ ಎಂದು ಹೇಳಿ ಕುಲುಮೆಗೆ ಮರಳಬಹುದಾಗಿತ್ತು. ಬರಿಗೈಯಲ್ಲಿ ಹಿಂದಿರುಗಿ ಗುರುವಿನ ಆಜ್ಞೆಯೇ ಅನ್ಯಾಯವೆಂದು ದೂರಬಹುದಾಗಿತ್ತು. ಅವನಿಗೆ ಈ ದಾರಿಗಳು ಕಾಣಿಸದಿರಲೆಂದು ಗುರುವು ಬಯಸಿದ್ದರೆ ಬೇರೆ ಊರಿಗೆ ಕಳುಹಿಸುತ್ತಿದ್ದನು, ಅಥವಾ ಬೇರೊಬ್ಬನನ್ನು ಕಳುಹಿಸುತ್ತಿದ್ದನು. ನಿಡಘಟ್ಟದಲ್ಲಿ ಮನೆಯವರ ಇಷ್ಟಕ್ಕೆ ವಿರೋಧವಾಗಿ ಎಳೆದು ತಂದವನನ್ನು ಹಲಗೂರಿನಲ್ಲಿ ಬಿಡುಗಡೆಯ ಬಾಗಿಲಿನ ಮುಂದೆ ನಿಲ್ಲಿಸಿದಂತಾಯಿತು. ಅಲ್ಲಿಯವರೆಗೆ ಅವನು ಗುರುವು ಪಡೆದ ಸಂಗಡಿಗ. ಅಲ್ಲಿಂದ ಮುಂದೆ ತಾನಾಗಿ ಉಳಿದ ಸಂಗಡಿಗ. ಗುರುವಿನ ಹಠವು ಕ್ರೂರವೆಂದು ತೋರುವವರಿಗೆ ನಾನು ಎದುರು ಹೇಳಲಾರೆ, ಕಾವ್ಯವೂ ಹೇಳುವುದಿಲ್ಲ. ‘ಡ್ರ್ಯಾಗನ್ ಏಜ್’ನಲ್ಲಿಯೂ ನಾಯಕನು ಸೆರೆಸಿಕ್ಕಿದಾಗ ಸಂಗಡಿಗರೇ ಸೆರೆಮನೆಯ ಕಾವಲುಗಾರರನ್ನು ವಂಚಿಸಿ ಒಳಗೆ ಹೋಗಲು ಹೆಣಗುವ ಪ್ರಸಂಗವೊಂದಿದೆ, ನಾಯಕನಿಲ್ಲದ ಆ ಸ್ವಲ್ಪ ಹೊತ್ತಿನಲ್ಲಿಯೇ ಅವರ ಸ್ವಭಾವಗಳು ಹೆಚ್ಚು ಚೆನ್ನಾಗಿ ಹೊರಬೀಳುತ್ತವೆ. ಆದರೆ ಅದು ವಿನೋದದ ಪ್ರಸಂಗ. ಹಲಗೂರಿನ ಭಾರ ಅದಕ್ಕಿಲ್ಲ.

ಪ್ರತಿಪಕ್ಷವಾಗಿ ಒಂದು ಮಾತು ಬರಬಹುದು. ಆಟದಲ್ಲಿ ಆಯ್ಕೆಯು ಆಟಗಾರನದು, ಕಾವ್ಯದಲ್ಲಿ ಕೇಳುವವನಿಗೆ ಆಯ್ಕೆಯಿಲ್ಲ. ಆದುದರಿಂದ ಇವೆರಡನ್ನು ಹೋಲಿಸುವುದು ಸರಿಯೇ ಎಂದು. ಆಕ್ಷೇಪವು ಸಣ್ಣದಲ್ಲ. ಅಲಿಸ್ಟರನು ಬಿಟ್ಟುಹೋದರೆ ಆಟಗಾರನು ಹಿಂದೆ ಉಳಿಸಿಟ್ಟ ಘಟ್ಟಕ್ಕೆ ಮರಳಿ ಬೇರೆ ದಾರಿಯನ್ನು ಹಿಡಿಯಬಲ್ಲನು. ರನ್ನನ ದುರ್ಯೋಧನನು ಕುರುಕ್ಷೇತ್ರದಲ್ಲಿ ದ್ರೋಣನನ್ನೂ ದುಶ್ಶಾಸನನನ್ನೂ ಕರ್ಣನನ್ನೂ ಹೆಣಗಳಾಗಿ ಕಂಡು ನಡೆಯುವಾಗ ಅವನಿಗೆ ಮರಳುವ ಘಟ್ಟವಿಲ್ಲ. ಸಂಗಡಿಗರೆಲ್ಲರನ್ನೂ ಕಳೆದುಕೊಂಡ ನಾಯಕನ ಆ ನಡೆಯನ್ನು ಯಾವ ಆಟವೂ ಇನ್ನೂ ಮುಟ್ಟಿದಂತೆ ನನಗೆ ಕಾಣಲಿಲ್ಲ. ಆದರೆ ಮರಳುವ ಸೌಕರ್ಯವಿದ್ದೂ ಮರಳದೆ, ಹೋದವನು ಹೋದನೆಂದು ಆಟವನ್ನು ಮುಂದುವರಿಸುವ ಆಟಗಾರರೂ ಉಂಟು. ಅಂಥ ತರುಣನ ಮುಂದೆ ‘ಗದಾಯುದ್ಧ’ವನ್ನು ತೆರೆದಿಡುವ ಉಪಾಧ್ಯಾಯನಿಗೆ ಕೆಲಸವು ಅರ್ಧ ಆಗಿಯೇ ಇರುತ್ತದೆ.

ಇನ್ನು ತಂಡದ ಕೊನೆಯ ವಿಷಯ. ‘ಡ್ರ್ಯಾಗನ್ ಏಜ್’ ಮುಗಿದಾಗ ಸಂಗಡಿಗರು ಮುಂದೆ ಏನಾದರೆಂಬುದನ್ನು ಪರದೆಯ ಮೇಲೆ ಕೆಲವು ವಾಕ್ಯಗಳಲ್ಲಿ ತಿಳಿಸಿ ಪರದೆಯನ್ನು ಎಳೆಯುತ್ತಾರೆ. ಮಂಟೇಸ್ವಾಮಿಯು ತನ್ನವರನ್ನು ನೆಲದ ಮೇಲೆ ಹಂಚಿದನು. ಬೊಪ್ಪೇಗೌಡನಪುರವು ಗುರುವಿನದು, ರಾಚಪ್ಪಾಜಿಗೂ ಚನ್ನಾಜಮ್ಮನಿಗೂ ಕಾವೇರಿಯ ದಡದ ಕಪ್ಪಡಿ, ಸಿದ್ದಪ್ಪಾಜಿಗೆ ಚಾಮರಾಜನಗರ ಜಿಲ್ಲೆಯ ಚಿಕ್ಕಲ್ಲೂರು. ಪುಷ್ಯಮಾಸದ ಬನದ ಹುಣ್ಣಿಮೆಯ ರಾತ್ರಿ ಚಿಕ್ಕಲ್ಲೂರಿನಲ್ಲಿ ಬಿದಿರು ಬಟ್ಟೆಗಳಿಂದ ಕಟ್ಟಿದ ಚಂದ್ರಮಂಡಲಕ್ಕೆ ಬೆಂಕಿ ಮುಟ್ಟಿಸುತ್ತಾರೆ. ಉರಿಯು ಯಾವ ದಿಕ್ಕಿಗೆ ಚೆನ್ನಾಗಿ ಹೊತ್ತುವುದೋ ಆ ದಿಕ್ಕಿನ ನಾಡಿಗೆ ಮಳೆಬೆಳೆ ಚೆನ್ನಾಗುವುದೆಂದು ಜನರು ನಂಬುತ್ತಾರೆ. ಅದನ್ನು ಹೊತ್ತಿಸುವವರು ಬೊಪ್ಪೇಗೌಡನಪುರದ ಮಠದ ಪೀಠಾಧಿಪತಿಗಳು. ಆ ರಾತ್ರಿ ಗುರುವಿನ ಗದ್ದುಗೆಯಿಂದ ಸಂಗಡಿಗನ ನೆಲೆಗೆ ಅವರೇ ನಡೆದು ಬರುತ್ತಾರೆ.